ಮಣ್ಣಲ್ಲಿ ಅಡಗಿದ ದೊರೆ, ಗುಂಡಾಗಿ ಕರಗಿದ ದೊರೆ

ಲಂಡನ್ನಿನ ಟ್ರಾಫಲ್ಗರ್ ಚೌಕದ ದಕ್ಷಿಣ ತುದಿಯಲ್ಲಿ, ಬಸ್ಸು ಕಾರುಗಳ ಗದ್ದಲದ ನಡುವೆ, ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್ ಕುದುರೆ ಮೇಲೆ ಕೂತಿದ್ದಾನೆ. ಮುಖ ವೈಟ್‌ಹಾಲ್ ರಸ್ತೆಯ ಕಡೆಗೆ. ಅದೇ ರಸ್ತೆಯಲ್ಲಿ, ಬ್ಯಾಂಕ್ವೆಟಿಂಗ್ ಹೌಸ್ ಎದುರು, 1649ರ ಜನವರಿ 30ರಂದು ಅವನ ತಲೆ ಕಡಿದರು.

ಈ ಪ್ರತಿಮೆ ಉಳಿದದ್ದೇ ಒಂದು ದೊಡ್ಡ ಕಥೆ. 1630ರಲ್ಲಿ ಖಜಾನೆಯ ಮುಖ್ಯಸ್ಥ ರಿಚರ್ಡ್ ವೆಸ್ಟನ್ ತನ್ನ ತೋಟಕ್ಕೆಂದು ಇದನ್ನು ಮಾಡಿಸಿದ. ಎರಕ ಹೊಯ್ದವನು ಫ್ರಾನ್ಸಿನ ಶಿಲ್ಪಿ ಯುಬೆರ್ ಲೆ ಸ್ಯೂರ್. ಚಾರ್ಲ್ಸ್ ಗಿಡ್ಡ ಆಳು. ಆದರೆ ಪ್ರತಿಮೆಯಲ್ಲಿ ಅವನು ಪೂರ್ತಿ ಆರು ಅಡಿ ಇರಬೇಕು ಅಂತ ಒಪ್ಪಂದದಲ್ಲೇ ಬರೆದಿತ್ತು. ದೊರೆಗಳಿಗೆ ಕುದುರೆ ಯಾಕೆ ಬೇಕಿತ್ತು ಅನ್ನೋದು ಇಲ್ಲೇ ಗೊತ್ತಾಗುತ್ತದೆ, ಅಲ್ವಾ? ರೋಮಿನ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನ ಕಂಚಿನ ಕುದುರೆ ಯುರೋಪಿನ ಎಲ್ಲ ಅರಸರ ಕಣ್ಣಲ್ಲೂ ಇತ್ತು. ಲಗಾಮು ಹಿಡಿದವನೇ ನಾಡನ್ನೂ ಹಿಡಿಯಬಲ್ಲ ಅನ್ನೋದು ಅದರ ಮಾತು.

ಪಾರ್ಲಿಮೆಂಟಿನವರ ಜೊತೆಗಿನ ಅಂತರ್ಯುದ್ಧದಲ್ಲಿ ದೊರೆ ಸೋತ. ಒಡೆದು ಹಾಕಬೇಕು ಅನ್ನುವ ಷರತ್ತಿನ ಮೇಲೆ ಪ್ರತಿಮೆಯನ್ನು ಜಾನ್ ರಿವೆಟ್ ಎಂಬ ಕಂಚುಗಾರನಿಗೆ ಮಾರಿದರು. ಅವನು ಒಡೆಯಲಿಲ್ಲ, ಮಣ್ಣಲ್ಲಿ ಹೂತಿಟ್ಟ. ಆ ಲೋಹದಿಂದಲೇ ಮಾಡಿದ್ದು ಅಂತ ಹೇಳಿ ಚಾಕುವಿನ ಹಿಡಿಗಳನ್ನು ಎರಡೂ ಪಕ್ಷದವರಿಗೆ ಮಾರಿದ ಅನ್ನೋ ಕಥೆಯೂ ಇದೆ. 1660ರಲ್ಲಿ ರಾಜಮನೆತನ ಮರಳಿತು. ಪ್ರತಿಮೆಯೂ ಹೊರಬಂತು. 1675ರಲ್ಲಿ ಮಗ ಎರಡನೇ ಚಾರ್ಲ್ಸ್ ಅದನ್ನು ಈಗಿನ ಜಾಗದಲ್ಲಿ ನಿಲ್ಲಿಸಿದ. ಇವತ್ತಿಗೂ ಲಂಡನ್ನಿಗೆ ಇಷ್ಟು ಮೈಲಿ ಅಂತ ಅಳೆಯೋದು ಈ ಕುದುರೆಯಿಂದಲೇ.

ಕುದುರೆ ಒಂದು ಕಾಲು ಎತ್ತಿದ್ದರೆ ಸವಾರ ಯುದ್ಧದಲ್ಲಿ ಗಾಯಗೊಂಡವನು ಅಂತ ಒಂದು ಮಾತು ಓಡಾಡುತ್ತಾ ಇರುತ್ತದೆ. ನಂಬಬೇಡಿ. ಚಾರ್ಲ್ಸ್‌ನ ಕುದುರೆಯೂ ಒಂದು ಕಾಲು ಎತ್ತಿದೆ, ಅವನು ಸತ್ತದ್ದು ಕೊಡಲಿ ಏಟಿಗೆ.

ಬ್ರಿಟನ್ನಿನ ಇನ್ನೊಬ್ಬ ದೊರೆ ಮೂರನೇ ಜಾರ್ಜ್‌ಗೆ ರಿವೆಟ್‌ನಂಥವರು ಸಿಗಲಿಲ್ಲ. 1770ರಲ್ಲಿ ನ್ಯೂಯಾರ್ಕಿನ ಬೌಲಿಂಗ್ ಗ್ರೀನ್‌ನಲ್ಲಿ ಚಿನ್ನದ ಲೇಪದ ಸೀಸದ ಕುದುರೆ ಮೇಲೆ ಅವನನ್ನು ಕೂರಿಸಿದ್ದರು. 1776ರ ಜುಲೈ 9ರಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆ ಓದಿಸಿದ ಸಂಜೆಯೇ ಜನ ಹಗ್ಗ ಹಾಕಿ ಅದನ್ನು ಉರುಳಿಸಿದರು. ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ನಲ್ಲಿ ಅದನ್ನು ಕರಗಿಸಿ 42,088 ಗುಂಡು ಎರಕ ಹೊಯ್ದ ಲೆಕ್ಕ ಸಿಗುತ್ತದೆ. ದೊರೆಯ ಸೈನ್ಯದ ಮೇಲೆ ಹಾರಿಸೋಕೆ ದೊರೆಯ ಪ್ರತಿಮೆಯದೇ ಸೀಸ! ಉಳಿದ ಕೆಲವೇ ಚೂರುಗಳಲ್ಲಿ ಕುದುರೆಯ ಬಾಲ ನ್ಯೂಯಾರ್ಕಿನ ಮ್ಯೂಸಿಯಂ ಒಂದರಲ್ಲಿದೆ.

ನಮ್ಮ ದೇಶ ಪ್ರತಿಮೆಗಳನ್ನು ಕರಗಿಸಲಿಲ್ಲ, ಜಾಗ ಬದಲಿಸಿತು. ದೆಹಲಿಯ ಎಡ್ವರ್ಡ್ ಪಾರ್ಕಿನಲ್ಲಿದ್ದ ಏಳನೇ ಎಡ್ವರ್ಡ್‌ನ ಕುದುರೆ ಹಡಗು ಹತ್ತಿ ಕೆನಡಾ ಸೇರಿತು. 1969ರಿಂದ ಟೊರಾಂಟೊದ ಕ್ವೀನ್ಸ್ ಪಾರ್ಕಿನಲ್ಲಿದೆ. ದೆಹಲಿಯ ಆ ಪಾರ್ಕಿಗೆ ಈಗ ಸುಭಾಷರ ಹೆಸರು. ಬೆಂಗಳೂರಿನವರಿಗೆ ಗೊತ್ತಿರುವ ಕಬ್ಬನ್ ಪ್ರತಿಮೆ ರಾಜಮನೆತನದವನದಲ್ಲ, ಮೈಸೂರಿನ ಬ್ರಿಟಿಷ್ ಕಮಿಷನರ್‌ನದು. ಆದರೆ ಗ್ಲಾಸ್ಗೋದಲ್ಲಿ ರಾಣಿ ವಿಕ್ಟೋರಿಯಾಳನ್ನು ಕುದುರೆ ಮೇಲೆ ಕೂರಿಸಿದ ಮರೊಕೆಟ್ಟಿಯೇ ಅದರ ಶಿಲ್ಪಿ. 2020ರಲ್ಲಿ ಅದೂ ಹೈಕೋರ್ಟ್ ಮುಂದಿಂದ ಪಾರ್ಕಿನ ಒಳಗೆ ಹೋಯಿತು.

ನನಗೆ ಜಾಸ್ತಿ ಕಾಡುವುದು ಮುಂಬೈಯ ಕಾಳಾ ಘೋಡಾ, ಅಂದರೆ ಕಪ್ಪು ಕುದುರೆ. ಇದೇ ಎಡ್ವರ್ಡ್ ಯುವರಾಜನಾಗಿ 1875ರಲ್ಲಿ ಭಾರತಕ್ಕೆ ಬಂದಿದ್ದ. ಅದರ ನೆನಪಿಗೆ ಆಲ್ಬರ್ಟ್ ಸಸೂನ್ ಈ ಪ್ರತಿಮೆಯನ್ನು ಮುಂಬೈಗೆ ಕೊಟ್ಟರು. 1965ರಲ್ಲಿ ಅದನ್ನು ತೆಗೆದರು. ಈಗ ಅದು ಬೈಕಲ್ಲಾದ ಮೃಗಾಲಯವಿರುವ ರಾಣಿಬಾಗಿನಲ್ಲಿದೆ. ಕುದುರೆ ಹೋದರೂ ಜನ ಆ ಬೀದಿಯನ್ನು ಕಾಳಾ ಘೋಡಾ ಅಂತಲೇ ಕರೆದರು. ಸವಾರನ ಹೆಸರು ಯಾರ ಬಾಯಲ್ಲೂ ಇರಲಿಲ್ಲ. 2017ರಲ್ಲಿ ಅಲ್ಲಿ ಹೊಸದೊಂದು ಕಪ್ಪು ಕುದುರೆ ಬಂದು ನಿಂತಿತು. ಬೆನ್ನ ಮೇಲೆ ಯಾರೂ ಇಲ್ಲ.