ಓದುಗರ ಪ್ರಶ್ನೆ: ಲ್ಯಾಪ್‌ಟಾಪನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡಬಹುದೇ?

ಪ್ರಶ್ನೆ: ಮೊದಲ ಬಾರಿಗೆ ವಿಮಾನದಲ್ಲಿ ಹೊರಟಿದ್ದೇನೆ. ಹೆಗಲಿಗೆ ಭಾರವಾಗುತ್ತದೆ ಎಂದು ಲ್ಯಾಪ್‌ಟಾಪ್, ಚಾರ್ಜರ್, ಪವರ್ ಬ್ಯಾಂಕ್ ಎಲ್ಲವನ್ನೂ ಬಟ್ಟೆಗಳ ನಡುವೆ ಇಟ್ಟು ಚೆಕ್-ಇನ್ ಮಾಡಬಹುದೇ?

ಉತ್ತರ: ಚಾರ್ಜರನ್ನು ಇಡಬಹುದು. ಪವರ್ ಬ್ಯಾಂಕನ್ನು ಇಡುವಂತೆಯೇ ಇಲ್ಲ. ಲ್ಯಾಪ್‌ಟಾಪಿಗೆ ಸಂಪೂರ್ಣ ನಿಷೇಧವಿಲ್ಲದಿದ್ದರೂ ಅದು ನಿಮ್ಮ ಕೈಚೀಲದಲ್ಲೇ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮಗಳ ಆಶಯ. ಅನಿವಾರ್ಯವಾಗಿ ಚೆಕ್-ಇನ್ ಮಾಡುವುದಾದರೆ ಸ್ಲೀಪ್‌ನಲ್ಲಿ ಬಿಡದೆ ಪೂರ್ತಿ ಆಫ್ ಮಾಡಿ, ಪೆಟ್ಟು ಬೀಳದಂತೆ ಸುತ್ತಿಡಬೇಕು.

ಕಳವಾದೀತು, ಒಡೆದೀತು ಎಂಬ ಅಂಜಿಕೆ ಸಹಜವೇ. ಆದರೆ ಈ ನಿಯಮದ ಹಿಂದಿರುವ ಮುಖ್ಯ ಕಾರಣ ಒಳಗಿನ ಲಿಥಿಯಂ-ಅಯಾನ್ ಬ್ಯಾಟರಿ. ಅದರ ಒಂದು ಕೋಶ (ಸೆಲ್) ಕೆಟ್ಟು ಕಾದರೆ ಆ ಶಾಖ ಪಕ್ಕದ ಕೋಶವನ್ನು ಕಾಯಿಸುತ್ತದೆ, ಅದು ಮತ್ತೊಂದನ್ನು; ಹೀಗೆ ತನ್ನಷ್ಟಕ್ಕೆ ಮುಂದುವರಿಯುವ ಈ ಸರಣಿಯನ್ನು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಇದು ಕ್ಯಾಬಿನ್‌ನಲ್ಲಿ ನಡೆದರೆ ಹೊಗೆ ಯಾರದಾದರೂ ಕಣ್ಣಿಗೆ ಬೀಳುತ್ತದೆ, ಸಿಬ್ಬಂದಿ ಜ್ವಾಲೆಯನ್ನು ನಂದಿಸಿ, ನೀರು ಸುರಿದು ಬ್ಯಾಟರಿಯನ್ನು ತಣಿಸುತ್ತಾರೆ. ಚೆಕ್-ಇನ್ ಚೀಲಗಳಿರುವ ಸರಕಿನ ಅಂಕಣದಲ್ಲಿ ಆ ಕೈಗಳಿಲ್ಲ. ಅಲ್ಲಿ ಬಿಡುಗಡೆಯಾಗುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸಬಲ್ಲದೇ ಹೊರತು ಕೋಶಗಳ ಒಳಗಿನ ಕಾವನ್ನು ನಿಲ್ಲಿಸಲಾರದು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಡೆಸಿ, 2017ರಲ್ಲಿ ಬೆಳಕಿಗೆ ಬಂದ ಪರೀಕ್ಷೆಯೊಂದರಲ್ಲಿ ಕಾಯಿಸಿದ ಲ್ಯಾಪ್‌ಟಾಪಿನ ಜೊತೆ ಕೂದಲಿಗೆ ಸಿಂಪಡಿಸುವ ಸ್ಪ್ರೇ ಡಬ್ಬಿಯೊಂದನ್ನು ಕಟ್ಟಿಡಲಾಗಿತ್ತು. ಬೆಂಕಿ ಹೊತ್ತಿ ಒಂದು ನಿಮಿಷ ತುಂಬುವ ಮೊದಲೇ ಡಬ್ಬಿ ಸಿಡಿಯಿತು. ನಮ್ಮಲ್ಲಿ ಎಷ್ಟು ಸೂಟ್‌ಕೇಸುಗಳಲ್ಲಿ ಅಂಥ ಡಬ್ಬಿ ಇರುವುದಿಲ್ಲ, ಯೋಚಿಸಿ.

ಎಷ್ಟು ದೊಡ್ಡ ಬ್ಯಾಟರಿಗೆ ಅವಕಾಶವಿದೆ ಎಂಬುದನ್ನು ವಾಟ್-ಅವರ್ ಲೆಕ್ಕದಲ್ಲಿ, ಅಂದರೆ ಅದು ಹಿಡಿದಿಡುವ ಶಕ್ತಿಯ ಅಳತೆಯಲ್ಲಿ ಹೇಳುತ್ತಾರೆ. 100ರವರೆಗೆ ಅನುಮತಿ ಬೇಕಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೀರಿದ್ದನ್ನು ಒಯ್ಯುವಂತಿಲ್ಲ. ಬ್ಯಾಟರಿಯ ಮೇಲಿನ ಚೀಟಿಯಲ್ಲಿ 11.4 ವೋಲ್ಟ್, 4,000 ಎಂಎಎಚ್ ಎಂದಿದ್ದರೆ 11.4ನ್ನು 4ರಿಂದ (4,000 ಎಂಎಎಚ್ ಎಂದರೆ 4 ಆಂಪಿಯರ್-ಅವರ್) ಗುಣಿಸಿ, 45.6 ವಾಟ್-ಅವರ್ ಸಿಗುತ್ತದೆ. ಮನೆಬಳಕೆಯ ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ 100ರ ಮಿತಿಯೊಳಗೇ ಇರುತ್ತವೆ. 20,000 ಎಂಎಎಚ್ ಪವರ್ ಬ್ಯಾಂಕ್ ಕೂಡ 3.7 ವೋಲ್ಟ್ ಲೆಕ್ಕದಲ್ಲಿ 74 ವಾಟ್-ಅವರ್ ಅಷ್ಟೇ. ಆದರೂ ಅದರ ಜಾಗ ಕೈಚೀಲವೇ.

ಅನುಭವಿಗಳೂ ಎಡವುವುದು ವಿಮಾನದ ಬಾಗಿಲಿನಲ್ಲಿ. ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ಹಾರುವ ಎಟಿಆರ್ ಎಂಬ ಚಿಕ್ಕ ವಿಮಾನಗಳಲ್ಲಿ ತಲೆಯ ಮೇಲಿನ ಕಪಾಟು ಚಿಕ್ಕದು. ಹೀಗಾಗಿ ಗಾಲಿಯಿರುವ ಕೈಚೀಲವನ್ನು ಮೆಟ್ಟಿಲ ಬಳಿಯೇ ಇಸಿದುಕೊಂಡು ಸರಕಿನ ಅಂಕಣಕ್ಕೆ ಹಾಕುವುದುಂಟು. ಹಿಂದೆ ನಿಂತವರ ಅವಸರಕ್ಕೆ ಮಣಿದು ಚೀಲವನ್ನು ಹಾಗೆಯೇ ಕೊಟ್ಟುಬಿಡಬೇಡಿ. ಲ್ಯಾಪ್‌ಟಾಪನ್ನೂ ಪವರ್ ಬ್ಯಾಂಕನ್ನೂ ಹೊರತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ಇದಕ್ಕೆಂದೇ ನಾನು ಅವೆರಡನ್ನೂ ಒಂದು ತೆಳು ಬಟ್ಟೆಚೀಲಕ್ಕೆ ಹಾಕಿ, ಕೈಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿರುತ್ತೇನೆ.

ಹೊರಡುವ ಹಿಂದಿನ ದಿನ ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ನನ್ನ ಹಳೆಯದೊಂದು ಹೀಗೆ ಇಟ್ಟಾಗ ಅಲುಗಾಡುತ್ತಿತ್ತು, ಟಚ್‌ಪ್ಯಾಡಿನ ಒಂದು ಮೂಲೆ ಕೂದಲೆಳೆಯಷ್ಟು ಮೇಲೆದ್ದಿತ್ತು. ಬಿಚ್ಚಿಸಿದಾಗ ಬ್ಯಾಟರಿ ಹಪ್ಪಳದಂತೆ ಉಬ್ಬಿತ್ತು. ಅಂಥದ್ದನ್ನು ಯಾವ ಚೀಲದಲ್ಲೂ ಒಯ್ಯಬಾರದು, ಬ್ಯಾಟರಿಯನ್ನು ಬದಲಾಯಿಸಿಯೇ ಹೊರಡಬೇಕು. ತಯಾರಕರು ಹಿಂದಕ್ಕೆ ಕರೆದ ಮಾದರಿಯೇ ಎಂಬುದನ್ನೂ ನೋಡಿಕೊಳ್ಳಿ: 2019ರಲ್ಲಿ ಆಪಲ್ ಕೆಲವು 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿಯನ್ನು ಹಿಂಪಡೆದಾಗ, ಅವನ್ನು ವಿಮಾನದಲ್ಲಿ ತರಬೇಡಿ ಎಂದು ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಪ್ರಯಾಣಿಕರಿಗೆ ತಿಳಿಸಿತ್ತು.

ಭದ್ರತಾ ತಪಾಸಣೆಯಲ್ಲಿ ಲ್ಯಾಪ್‌ಟಾಪನ್ನು ಸಾಮಾನ್ಯವಾಗಿ ಪ್ರತ್ಯೇಕ ಟ್ರೇಯಲ್ಲಿ ಇಡಿಸುತ್ತಾರೆ. ಲೋಹಶೋಧಕದ ಸಾಲಿನಲ್ಲಿ ನಿಮ್ಮ ಸರದಿ ಹತ್ತಿರ ಬರುವವರೆಗೆ ಟ್ರೇಯನ್ನು ಮುಂದೆ ತಳ್ಳಬೇಡಿ, ಇಲ್ಲವಾದರೆ ಅದು ಆಚೆ ಬದಿಯಲ್ಲಿ ಕಾವಲಿಲ್ಲದೆ ನಿಮಗಾಗಿ ಕಾಯುತ್ತಿರುತ್ತದೆ. ಬೂದು ಬಣ್ಣದ ಲ್ಯಾಪ್‌ಟಾಪುಗಳೆಲ್ಲ ಅಲ್ಲಿ ಒಂದೇ ತೆರನಾಗಿ ಕಾಣುವುದರಿಂದ, ನಿಮ್ಮದರ ಮುಚ್ಚಳಕ್ಕೆ ದೂರದಿಂದಲೇ ಗುರುತು ಸಿಗುವಂಥ ಚೀಟಿಯೊಂದನ್ನು ಅಂಟಿಸಿಡಿ.