ನೆತ್ತಿಯಲ್ಲಿ ಚುಕ್ಕೆ ಇರುವ ಮೀನು

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಜೋರಾಗಿದ್ದ ಜನವರಿಯಲ್ಲಿ ವಿರಾಜಪೇಟೆ ಹತ್ತಿರದ ಮಾವನಿಂದ ಬೆಳಿಗ್ಗೆಯೇ ಫೋನ್ ಬಂತು. ತೋಟದ ಕೆರೆಯಲ್ಲಿ ಸಾಕಿದ್ದ ರೋಹು ಮೀನುಗಳು ಸತ್ತು ತೇಲುತ್ತಿವೆ, ಯಾರದೋ ಕಣ್ಣು ಬಿದ್ದಿದೆ ಎಂದರು. ಹೋಗಿ ನೋಡಿದೆ. ನೀರಿಗೆ ಹುಳಿ ವಾಸನೆ. ಮೇಲಿನ ತೋಟವೊಂದರ ಪಲ್ಪರ್ ನೀರು ರಾತ್ರಿ ತೋಡಿನಲ್ಲಿ ಹರಿದು ಕೆರೆಗೆ ಸೇರಿತ್ತು. ಕಾಫಿ ಹಣ್ಣಿನ ಸಿಹಿ ಲೋಳೆ ಸಿಕ್ಕರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ತಿನ್ನುತ್ತಾ ತಿನ್ನುತ್ತಾ ಅವು ನೀರಿನ ಆಮ್ಲಜನಕವನ್ನೂ ಮುಗಿಸಿಬಿಡುತ್ತವೆ. ಮೀನುಗಳು ಉಸಿರು ಕಟ್ಟಿ ಸತ್ತಿದ್ದವು. ಯಾರ ಕಣ್ಣಿಗೂ ಇದರಲ್ಲಿ ಪಾಲಿಲ್ಲ.

ಆದರೆ ದಡದ ಹುಲ್ಲಿನ ನೆರಳಲ್ಲಿ ಬೆರಳುದ್ದದ ಹತ್ತಿಪ್ಪತ್ತು ಮೀನುಗಳು ಆರಾಮಾಗಿ ಓಡಾಡುತ್ತಿದ್ದವು. ಮೇಲಿನಿಂದ ನೋಡಿದರೆ ನೆತ್ತಿಯಲ್ಲಿ ಒಂದು ಬೆಳ್ಳಿ ಚುಕ್ಕೆ. ವಿಜ್ಞಾನದ ಹೆಸರು ಅಪ್ಲೊಕೈಲಸ್ ಲೈನಿಯೇಟಸ್. ಗಡಿಯಾಚೆಯ ಮಲಯಾಳಿಗಳು ಇಂಥ ಮೀನನ್ನು ಮಾನತ್ತುಕಣ್ಣಿ ಅನ್ನುತ್ತಾರೆ, ಆಕಾಶಕ್ಕೆ ಕಣ್ಣಿಟ್ಟದ್ದು ಅಂತ. ಎಷ್ಟು ಸರಿಯಾದ ಹೆಸರು!

ಅದು ಬದುಕಿದ್ದು ಹೇಗೆ? ಗುಟ್ಟು ನೀರಿನ ಕೆನೆಯಲ್ಲಿದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ಒಳ್ಳೆಯ ಕೆರೆ ನೀರಿನಲ್ಲಿ ಬರೀ 8 ಮಿಲಿಗ್ರಾಂನಷ್ಟು. ಗಾಳಿಯ ಆಮ್ಲಜನಕ ನೀರಿಗೆ ಇಳಿಯುತ್ತದೆ, ನಿಜ. ಆದರೆ ನಿಂತ ನೀರಿನಲ್ಲಿ ಅದು ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಹಾಗಾಗಿ ಕೆಳಗೆಲ್ಲ ಬರಿದಾದರೂ ಗಾಳಿಗೆ ತಾಗಿದ ತೆಳು ಪದರದಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಕಾಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ವಾ, ಹಾಗೆ. ಅಥವಾ ತುಂಬಿ ತುಳುಕುವ ಬಸ್ಸಿನಲ್ಲಿ ಕಿಟಕಿ ಪಕ್ಕದವರಿಗೆ ಮಾತ್ರ ಗಾಳಿ ಸಿಕ್ಕ ಹಾಗೆ. ರೋಹುವಿನ ಬಾಯಿ ಕೆಳಮುಖ. ಕೆನೆ ಬೇಕೆಂದರೆ ಮೈಯನ್ನೇ ಮೇಲಕ್ಕೆತ್ತಿ ಒದ್ದಾಡಬೇಕು, ಬೇಗ ದಣಿಯುತ್ತದೆ. ಮಾನತ್ತುಕಣ್ಣಿಯ ತಲೆ ಚಪ್ಪಟೆ, ಬಾಯಿ ಮೇಲ್ಮುಖ. ಸುಮ್ನೆ ಈಜುತ್ತಲೇ ಕೆನೆ ಹೀರಿ ಕಿವಿರಿಗೆ ಸಾಗಿಸುತ್ತದೆ. ಮೀನು ಗಾಳಿ ಗುಟುಕರಿಸುತ್ತಿದೆ ಅಂತ ನೋಡಿದವರು ತಿಳಿಯುತ್ತಾರೆ. ಅದು ತೆಗೆದುಕೊಳ್ಳುವುದು ನೀರನ್ನೇ, ಮೇಲಿಂದ ಆಯ್ದ ನೀರನ್ನು.

ಸೊಳ್ಳೆ ಮರಿಗಳೂ ಉಸಿರಿಗಾಗಿ ಅಲ್ಲಿಗೇ ಬರಬೇಕು. ಕ್ಯೂಲೆಕ್ಸ್ ಮರಿ ಬಾಲದ ಕೊಳವೆಯನ್ನು ಗಾಳಿಗೆ ಚಾಚಿ ತಲೆಕೆಳಗಾಗಿ ನೇತಾಡುತ್ತದೆ. ಅನಾಫಿಲಿಸ್ ಮರಿಗೆ ಕೊಳವೆಯಿಲ್ಲ, ಮೇಲ್ಮೈಗೆ ಅಂಟಿದಂತೆ ಮಲಗುತ್ತದೆ. ಕೆಳಗಿನಿಂದ ನೋಡುವ ಮೀನಿಗೆ ಬಿಳಿ ಗೋಡೆಯ ಮೇಲೆ ಇರುವೆ ಕಂಡಷ್ಟು ಸ್ಪಷ್ಟ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂಬುದು ಹಳೆಯ ನಂಬಿಕೆ. ಮಲೇರಿಯಾ ಎಂಬ ಇಟಲಿಯ ಮಾತಿನ ಅರ್ಥವೂ ಅದೇ. ಸೊಳ್ಳೆ ಸಿಕ್ಕಿಬಿದ್ದ ಮೇಲೆ ಅದರ ಮರಿ ತಿನ್ನುವ ಮೀನಿಗೆ ಬೇಡಿಕೆ ಬಂತು. 1928ರಲ್ಲಿ ಅಮೆರಿಕ ಮೂಲದ ಗಾಂಬೂಸಿಯಾವನ್ನು ಇಟಲಿಯಿಂದ ಭಾರತಕ್ಕೆ ತಂದರು. ನನಗೆ ಸಂಕಟವಾಗುವುದು ಇಲ್ಲೇ. ಅದು ಊರಿನ ಮೀನಿನ ಮೊಟ್ಟೆ, ಮರಿ, ಗೊದಮೊಟ್ಟೆ ಯಾವುದನ್ನೂ ಬಿಡುವುದಿಲ್ಲ. ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ಅದೇ ಕೆಲಸ ಮಾಡುವ ಮೀನು ನಮ್ಮ ತೋಡಿನಲ್ಲೇ ಇರುವಾಗ ಇದೆಲ್ಲ ಯಾಕೆ?

ಸಣ್ಣ ಮೀನಿನ ಬೆಲೆ ಕೊಡಗಿನ ಅಡುಗೆಮನೆಗೆ ಗೊತ್ತು. ಗದ್ದೆ, ತೋಡಿನಲ್ಲಿ ಸಿಗುವ ಪುಟ್ಟ ಕೊಯ್ಲೆ ಮೀನಿಗೆ ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿ ಬಿದ್ದರೆ ಅನ್ನ ಜಾಸ್ತಿ ಬೇಕಾಗುತ್ತದೆ. ಮುಳ್ಳು ಸಮೇತ ತಿನ್ನುವುದರಿಂದ ಸುಣ್ಣದಂಶವೂ ಸಿಗುತ್ತದೆ. ಲೈನ್‌ಮನೆಯ ತೋಟದ ಕಾರ್ಮಿಕರಿಗೆ ಇದು ದುಡ್ಡಿಲ್ಲದೆ ಸಿಗುವ ಮೀನು. ಆ ಗದ್ದೆ, ಆ ತೋಡು ಮಾನತ್ತುಕಣ್ಣಿಯ ಮನೆಯೂ ಹೌದು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮನ್ನು ಅಲ್ಲಿ ತೊಳೆದರೆ ಮೈಲುತುತ್ತದ ತಾಮ್ರ ಕಿವಿರನ್ನೇ ಕೆಡಿಸುತ್ತದೆ. ಆಮೇಲೆ ಕೆನೆ ಇದ್ದರೂ ಹೀರಲು ಆಗದು.

ರೋಹು ಮರಿ ಜೊತೆ ಗಾಂಬೂಸಿಯಾವನ್ನೂ ತರುತ್ತೇನೆ ಎಂದರು ಮಾವ. ಬೇಡ ಎಂದೆ. ದಡದ ಹುಲ್ಲು ತೋರಿಸಿದೆ. ಮಾನತ್ತುಕಣ್ಣಿ ಮೊಟ್ಟೆ ಅಂಟಿಸುವುದು ನೀರಿನ ಗಿಡಗಳಿಗೆ, ಮರಿಯಾಗಲು ಸುಮಾರು ಎರಡು ವಾರ ಬೇಕು. ದಡ ಕೆರೆದು ಚೊಕ್ಕ ಮಾಡಲು ಬಂದವರಿಗೆ ಮಾವ ಅಂದೇ ಹೇಳಿದರು, ಆ ಮೂಲೆ ಮುಟ್ಟಬೇಡಿ ಅಂತ.