ಗಾಯ ನೆತ್ತಿಯಲ್ಲಿ, ಕೊಯ್ಯುವುದು ಕಿವಿಯ ಮುಂದೆ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ ನೆತ್ತಿಯ ಮೇಲೆ ಚರ್ಮದ ಕ್ಯಾನ್ಸರ್. ಗಡ್ಡೆ ತೆಗೆದು, ತೊಡೆಯಿಂದ ಚರ್ಮ ಮಾಂಸ ತಂದು ಮುಚ್ಚುತ್ತಾರಂತೆ. ಆದರೆ ಕಿವಿಯ ಮುಂದೆ ಕೊಯ್ಯಬೇಕು, ಬೇಕಾದರೆ ಕುತ್ತಿಗೆಯಲ್ಲೂ ಕಾಲಲ್ಲೂ ಕೊಯ್ಯಬಹುದು ಎಂದಿದ್ದಾರೆ. ಗಾಯ ಇರುವುದು ನೆತ್ತಿಯಲ್ಲಿ ತಾನೆ?

ಉತ್ತರ: ಕಿವಿಯ ತೂತಿನ ಮುಂದೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ. ಮಿಡಿತ ಸಿಗುತ್ತದೆ, ಅಲ್ವಾ? ನಿಮ್ಮ ತಂದೆಯ ಡಾಕ್ಟರು ಹುಡುಕಿಕೊಂಡು ಹೋಗುತ್ತಿರುವುದು ಅದನ್ನೇ.

ಗಡ್ಡೆ ತೆಗೆದ ಮೇಲೆ ಬುರುಡೆಯ ಮೂಳೆ ಬೆತ್ತಲಾಗಿಬಿಟ್ಟರೆ, ಅದರ ಮೇಲೆ ತೆಳು ಚರ್ಮ ಅಂಟಿಸಿದರೆ ಹಿಡಿಯುವುದಿಲ್ಲ. ಬರೀ ಮೂಳೆಯಿಂದ ಅದಕ್ಕೆ ಸಾಕಾಗುವಷ್ಟು ರಕ್ತ ಸಿಗುವುದಿಲ್ಲ. ಹಾಗಾಗಿ ತನ್ನದೇ ರಕ್ತನಾಳ ಇರುವ ದಪ್ಪ ತುಂಡನ್ನು ತರಬೇಕು. ಇದನ್ನು ಫ್ಲಾಪ್ ಎನ್ನುತ್ತಾರೆ. ತೊಡೆಯಿಂದ ಕತ್ತರಿಸಿದ ಕ್ಷಣಕ್ಕೆ ಅದರ ರಕ್ತ ನಿಂತಿತು. ತಲೆಯ ಹತ್ತಿರ ಯಾವುದಾದರೂ ನಾಳಕ್ಕೆ ಜೋಡಿಸಿದರೆ ಮಾತ್ರ ಅದು ಬದುಕುತ್ತದೆ.

ನೆತ್ತಿಯಲ್ಲೇ ಜೋಡಿಸಬಾರದೇ? ಆಗುವುದಿಲ್ಲ. ತಲೆಯ ಚರ್ಮಕ್ಕೆ ರಕ್ತ ಬರುವುದು ಸುತ್ತಲ ಅಂಚಿನಿಂದ: ಹಣೆ, ಕಿವಿಯ ಮುಂದೆ, ಕಿವಿಯ ಹಿಂದೆ, ಹಿಂದಲೆ. ಮೇಲೇರುತ್ತಾ ನಾಳಗಳು ಕವಲೊಡೆದು ಎಳೆಯಷ್ಟಾಗುತ್ತವೆ. ಕಿವಿಯ ಮುಂದಿನ ಕಣತಲೆಯ ಧಮನಿ ಬುಡದಲ್ಲಿ ಸುಮಾರು 2 ಮಿ.ಮೀ. ಅಗಲ. ಸೂಕ್ಷ್ಮದರ್ಶಕದಡಿ ಹೊಲಿಯಲು ಅಷ್ಟು ಸಾಕು. ಚರ್ಮದ ಕೆಳಗೇ ಇದೆ, ನೆತ್ತಿಗೂ ಹತ್ತಿರ. ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ತಂದು ತಲೆಯ ದೊಡ್ಡ ಗಾಯ ಮುಚ್ಚಿದ್ದನ್ನು ಅಮೆರಿಕದ ಮೆಕ್ಲೀನ್ ಮತ್ತು ಬಂಕೆ 1972ರಲ್ಲಿ ವರದಿ ಮಾಡಿದರು. ಅವರು ಜೋಡಿಸಿದ್ದೂ ಈ ಕಣತಲೆಯ ನಾಳಗಳಿಗೇ. ಇವತ್ತಿಗೂ ಹೆಚ್ಚಿನವರು ಮೊದಲು ನೋಡುವುದು ಇಲ್ಲೇ.

ಆದರೆ ರಕ್ತ ಒಳಗೆ ಬಂದರೆ ಸಾಲದು, ಹೊರಗೂ ಹೋಗಬೇಕು. ಮನೆಗೆ ನಲ್ಲಿ ಹಾಕಿಸಿ ಮೋರಿ ಮರೆತರೆ ಏನಾಗುತ್ತದೆ? ಅದೇ ಕಥೆ. ಒಳಗೆ ತರುವುದು ಧಮನಿ, ಹೊರಗೆ ಒಯ್ಯುವುದು ಅಭಿಧಮನಿ. (ನಮ್ಮಲ್ಲಿ ಎರಡಕ್ಕೂ 'ನರ' ಎನ್ನುವ ರೂಢಿ. ನಿಜವಾದ ನರಕ್ಕೂ ಇದಕ್ಕೂ ಸಂಬಂಧವಿಲ್ಲ.) ಫ್ಲಾಪ್ ಕೆಡುವುದು ಧಮನಿಗಿಂತ ಅಭಿಧಮನಿ ಕಟ್ಟಿಕೊಂಡೇ ಜಾಸ್ತಿ. ಕಣತಲೆಯ ತೊಡಕು ಇರುವುದೂ ಇಲ್ಲೇ. ಧಮನಿ ಚೆನ್ನಾಗಿರುತ್ತದೆ, ಜೊತೆಯ ಅಭಿಧಮನಿಯ ಗೋಡೆ ಮಾತ್ರ ತೀರಾ ತೆಳು. ಕೆಲವರಲ್ಲಿ ಅದು ಸಣ್ಣದು, ಕೆಲವರಲ್ಲಿ ಧಮನಿಯ ಪಕ್ಕದಲ್ಲಿ ಇರುವುದೇ ಇಲ್ಲ, ದೂರ ಎಲ್ಲೋ ಹೋಗಿರುತ್ತದೆ. ತೆರೆದು ನೋಡುವವರೆಗೆ ಖಾತ್ರಿ ಇಲ್ಲ. ಕುತ್ತಿಗೆಯಲ್ಲೂ ಕೊಯ್ಯಬಹುದು ಎಂದು ಮೊದಲೇ ಹೇಳಿದ್ದು ಇದಕ್ಕೇ. ಹಾಗೆ ಹೇಳುವ ಡಾಕ್ಟರು ಗೊಂದಲದಲ್ಲಿದ್ದಾರೆ ಅಂದುಕೊಳ್ಳಬೇಡಿ. ನನಗಂತೂ ಅದು ಒಳ್ಳೆಯ ಲಕ್ಷಣ ಅನಿಸುತ್ತದೆ.

ಕುತ್ತಿಗೆಯ ನಾಳಗಳು ದಪ್ಪ, ನಂಬಿಕಸ್ತ. ದವಡೆಯ ಅಂಚನ್ನು ದಾಟಿ ಮುಖಕ್ಕೆ ಏರುವ ಧಮನಿ ಒಂದಿದೆ. ಹಲ್ಲು ಕಚ್ಚಿದಾಗ ಉಬ್ಬುವ ಸ್ನಾಯುವಿನ ಮುಂದೆಯೇ ಅದರ ಮಿಡಿತ ಸಿಗುತ್ತದೆ. ಥೈರಾಯ್ಡ್‌ಗೆ ಹೋಗುವ ಧಮನಿ, ಕುತ್ತಿಗೆಯ ದೊಡ್ಡ ಅಭಿಧಮನಿಗಳು ಕೂಡ ಇವೆ. ತೊಂದರೆ ಒಂದೇ, ದೂರ. ತೊಡೆಯ ಫ್ಲಾಪಿನ ನಾಳದ ಬಾಲ ಸಾಮಾನ್ಯವಾಗಿ 8ರಿಂದ 15 ಸೆಂ.ಮೀ. ಇರುತ್ತದೆ. ನೆತ್ತಿಯಿಂದ ಕುತ್ತಿಗೆಗೆ ಗೇಣಿಗೂ ಜಾಸ್ತಿ. ಎಳೆದು ಜೋಡಿಸುವಂತಿಲ್ಲ, ಬಿಗಿಯಾದರೆ ಹೊಲಿಗೆಯಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಆಗ ಕಾಲಿನಿಂದ ಒಂದು ಅಭಿಧಮನಿ ತೆಗೆದು ನಡುವೆ ಸೇರಿಸುತ್ತಾರೆ. ಅದರೊಳಗೆ ಒಂದೇ ದಿಕ್ಕಿಗೆ ತೆರೆಯುವ ಕವಾಟಗಳಿವೆ. ಧಮನಿಯ ಕಡೆ ಸೇರಿಸುವಾಗ ತಿರುಗಿಸಿ ಹಾಕಬೇಕು, ಇಲ್ಲದಿದ್ದರೆ ದಾರಿಯೇ ಮುಚ್ಚುತ್ತದೆ. ಧಮನಿಗೂ ಅಭಿಧಮನಿಗೂ ಒಂದೊಂದು ತುಂಡು ಸೇರಿಸಿದರೆ ಎರಡು ಜೋಡಣೆ ಇದ್ದದ್ದು ನಾಲ್ಕಾಗುತ್ತದೆ. ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ನಾಲ್ಕು! ಆದ್ದರಿಂದ ಬೇರೆ ದಾರಿ ಇದ್ದರೆ ಯಾರೂ ಇದಕ್ಕೆ ಕೈ ಹಾಕುವುದಿಲ್ಲ.

ಹಿಂದಲೆಯಲ್ಲೂ ಒಂದು ಧಮನಿ ಇದೆ. ಅದು ಸ್ನಾಯುವಿನಡಿ ಅಡಗಿ ಅಂಕುಡೊಂಕಾಗಿ ಹೋಗುತ್ತದೆ. ಗಾಯ ಹಿಂಭಾಗದಲ್ಲಿದ್ದಾಗ ಅದರ ನೆನಪಾಗುತ್ತದೆ, ಅಷ್ಟೇ.

ಕೊನೆಯ ತೀರ್ಮಾನ ಆಪರೇಷನ್ ಟೇಬಲ್ ಮೇಲೆಯೇ. ಧಮನಿಯನ್ನು ಕತ್ತರಿಸಿ ಕ್ಲಿಪ್ ಸಡಿಲಿಸುತ್ತಾರೆ. ರಕ್ತ ಚಿಮ್ಮಿದರೆ ಸರಿ. ಜಿನುಗಿದರೆ ಆ ನಾಳ ಬೇಡ, ಅದೆಷ್ಟೇ ಹತ್ತಿರ ಇರಲಿ.

ನೀವು ಮಾಡಬೇಕಾದ್ದೂ ಇದೆ. ತಂದೆಗೆ ಮೊದಲು ತಲೆಗೋ ಕುತ್ತಿಗೆಗೋ ಕರೆಂಟ್ ಕೊಟ್ಟಿದ್ದರೆ, ಅಂದರೆ ರೇಡಿಯೇಷನ್ ಆಗಿದ್ದರೆ, ಮರೆಯದೆ ಹೇಳಿ. ಅದರಿಂದ ನಾಳದ ಗೋಡೆ ಗಟ್ಟಿಯಾಗಿ, ಒಳಪದರ ಸುಲಭವಾಗಿ ಹರಿಯುತ್ತದೆ. ಕಿವಿಯ ಮುಂದೆ, ಕುತ್ತಿಗೆಯಲ್ಲಿ ಅಥವಾ ಮೆದುಳಿಗೆ ಈ ಮೊದಲು ಆಪರೇಷನ್ ಆಗಿದ್ದರೆ, ಎಷ್ಟೇ ಹಳೆಯದಾಗಿದ್ದರೂ ಅದನ್ನೂ ಹೇಳಿ. ನಾಳ ಆಗಲೇ ಹೋಗಿರಬಹುದು. ಬೀಡಿ ಸಿಗರೇಟು ಇದ್ದರೆ ಬಿಡಿಸಿ.

ಆಮೇಲಿನ ಎರಡು ಮೂರು ದಿನ ನರ್ಸ್ ಪದೇಪದೇ ಬಂದು ಫ್ಲಾಪ್ ನೋಡುತ್ತಾರೆ. ನೇರಳೆ ಬಣ್ಣ ತಿರುಗಿ ಉಬ್ಬಿದರೆ ಮೋರಿ ಕಟ್ಟಿದೆ ಎಂದರ್ಥ. ಬಿಳಿಚಿ ತಣ್ಣಗಾದರೆ ನಲ್ಲಿ ನಿಂತಿದೆ. ಎರಡರಲ್ಲಿ ಯಾವುದಾದರೂ ಕಣ್ಣಿಗೆ ಬಿದ್ದರೆ ರಾತ್ರಿ ಎಷ್ಟೊತ್ತಾದರೂ ಕರೆಯಿರಿ.

ನಾಳ ಜೋಡಿಸಿದ ಕಡೆ ಮಗ್ಗುಲಾಗಿ ಮಲಗಿಸಬೇಡಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಇನ್ನೊಂದು, ಕನ್ನಡಕ. ಅದರ ಕಡ್ಡಿ ಕೂರುವುದು ಸರಿಯಾಗಿ ಆ ನಾಳದ ದಾರಿಯಲ್ಲಿ. ಮತ್ತೆ ಯಾವಾಗ ಹಾಕಬಹುದು ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಅಲ್ಲಿಯವರೆಗೆ ಬೆಳಿಗ್ಗೆ ಪೇಪರನ್ನು ನೀವೇ ಓದಿ ಹೇಳಿ.